ಕಂಪನಿ ಅಳಿಯಿತು, ಹಳಿ ಉಳಿಯಿತು: ಪೆನ್ಸಿಲ್ವೇನಿಯ ರೈಲ್‌ರೋಡಿನ ಕಥೆ



ಎಡಿಸನ್, ಮೆಟ್ರೋಪಾರ್ಕ್, ಪ್ರಿನ್ಸ್‌ಟನ್ ಜಂಕ್ಷನ್ - ನ್ಯೂಜೆರ್ಸಿಯ ಈ ನಿಲ್ದಾಣಗಳ ಹೆಸರು ಕೇಳದ ಅಮೆರಿಕನ್ನಡಿಗರು ವಿರಳ. ನಮ್ಮಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಈ ದಾರಿಯಲ್ಲೇ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗಿಬಂದವರು. ಹಡ್ಸನ್ ನದಿಯ ಕೆಳಗಿನ ಸುರಂಗಕ್ಕೆ ಗಾಡಿ ನುಗ್ಗುತ್ತಿದ್ದಂತೆ ಫೋನಿನ ಮಾತು ತುಂಡಾಗುತ್ತದೆ, ನಾಲ್ಕೈದು ನಿಮಿಷದಲ್ಲಿ ಪೆನ್ ಸ್ಟೇಷನ್ ಬರುತ್ತದೆ, ನಾವು ಇಳಿದು ಓಡುತ್ತೇವೆ. ಟಿಕೆಟ್ಟಿನ ಮೇಲೆ ಆಮ್‌ಟ್ರಾಕ್ ಎಂದೋ ಎನ್‌ಜೆ ಟ್ರಾನ್ಸಿಟ್ ಎಂದೋ ಇರುತ್ತದೆ. ಆದರೆ ನಿಲ್ದಾಣದ ಹೆಸರು ಮಾತ್ರ 'ಪೆನ್'. ನ್ಯೂಯಾರ್ಕಿನಲ್ಲೊಂದು, ನ್ಯೂಆರ್ಕಿನಲ್ಲೊಂದು, ಬಾಲ್ಟಿಮೋರಿನಲ್ಲೊಂದು. ಮೂರೂ ಪೆನ್ಸಿಲ್ವೇನಿಯ ರಾಜ್ಯದ ಹೊರಗಿನ ಊರುಗಳು. ಬೆಂಗಳೂರಿನ ನಿಲ್ದಾಣಕ್ಕೆ ಮದರಾಸ್ ಸ್ಟೇಷನ್ ಎಂದು ಹೆಸರಿಟ್ಟ ಹಾಗಾಯಿತಲ್ಲ!

ಆ ಹೆಸರು ರಾಜ್ಯದ್ದಲ್ಲ, ಒಂದು ಕಂಪನಿಯದು. ಆ ಕಂಪನಿ ಇಲ್ಲವಾಗಿ ಅರ್ಧ ಶತಮಾನವೇ ಕಳೆಯಿತು. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕಂಪನಿ ಎನಿಸಿಕೊಂಡಿದ್ದ, ತನ್ನನ್ನು ತಾನೇ 'ಜಗತ್ತಿನ ಪ್ರಮಾಣಭೂತ ರೈಲ್ವೆ' ಎಂದು ಕರೆದುಕೊಂಡ ಪೆನ್ಸಿಲ್ವೇನಿಯ ರೈಲ್‌ರೋಡ್ ಅದು. ದಿನಾ ಅದರ ಹಳಿಯ ಮೇಲೆ ಓಡಾಡುವ ನಾವು ಅದರ ಕಥೆಯನ್ನೂ ಸ್ವಲ್ಪ ತಿಳಿಯಬೇಡವೆ?

ಬೆಟ್ಟ ಹತ್ತಿದ ದೋಣಿಗಳು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫಿಲಡೆಲ್ಫಿಯಕ್ಕೆ ಒಂದು ಹೊಟ್ಟೆಯುರಿ ಇತ್ತು. 1825ರಲ್ಲಿ ನ್ಯೂಯಾರ್ಕಿನವರು ಈರಿ ಕಾಲುವೆ ತೆರೆದು ಪಶ್ಚಿಮದ ವ್ಯಾಪಾರವನ್ನೆಲ್ಲ ತಮ್ಮ ಕಡೆ ಎಳೆದುಕೊಂಡಿದ್ದರು. ಪೆನ್ಸಿಲ್ವೇನಿಯ ಸರ್ಕಾರವೂ ಪಿಟ್ಸ್‌ಬರ್ಗ್‌ವರೆಗೆ ಒಂದು ದಾರಿ ಮಾಡಲು ಹೊರಟಿತು. ಆದರೆ ನಡುವೆ ಅಡ್ಡ ಮಲಗಿತ್ತು ಅಲಿಗೇನಿ ಬೆಟ್ಟಸಾಲು. ಕಾಲುವೆಯ ನೀರು ಬೆಟ್ಟ ಹತ್ತೀತೆ?

ಅವರು ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ಫಿಲಡೆಲ್ಫಿಯದಿಂದ ಕೊಲಂಬಿಯ ಊರಿನವರೆಗೆ ರೈಲು, ಅಲ್ಲಿಂದ ಬೆಟ್ಟದ ಬುಡದವರೆಗೆ ಕಾಲುವೆ, ಬೆಟ್ಟದ ಮೇಲೆ 36 ಮೈಲಿಯ 'ಪೋರ್ಟೇಜ್' ರೈಲು, ಆಚೆ ಇಳಿದ ಮೇಲೆ ಮತ್ತೆ ಕಾಲುವೆ. ಬೆಟ್ಟದಲ್ಲಿ ಹತ್ತು ಇಳಿಜಾರುಗಳು, ಪ್ರತಿಯೊಂದರ ನೆತ್ತಿಯಲ್ಲೂ ಒಂದು ಉಗಿಯಂತ್ರ. ದೋಣಿಗಳನ್ನೇ ಗಾಡಿಗೇರಿಸಿ ಹಗ್ಗ ಕಟ್ಟಿ ಬೆಟ್ಟ ಹತ್ತಿಸಿ ಆಚೆಗೆ ಇಳಿಸುತ್ತಿದ್ದರು! 1834ರಲ್ಲಿ ಇಡೀ ದಾರಿ ತೆರೆಯಿತು. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಇದರಲ್ಲಿ ಪ್ರಯಾಣ ಮಾಡಿ ತನ್ನ ಅಮೆರಿಕ ಪ್ರವಾಸದ ಪುಸ್ತಕದಲ್ಲಿ ಬರೆದಿದ್ದಾನೆ. ಊರಿಂದ ಊರಿಗೆ ತಲುಪಲು ಹೆಚ್ಚುಕಡಿಮೆ ನಾಲ್ಕು ದಿನ ಹಿಡಿಯುತ್ತಿತ್ತು.

ಇಷ್ಟೆಲ್ಲ ಹತ್ತಿ ಇಳಿಯುವುದು ವ್ಯಾಪಾರಕ್ಕೆ ಒದಗಲಿಲ್ಲ. 1846ರ ಏಪ್ರಿಲ್ 13ರಂದು ರಾಜ್ಯದ ಸನ್ನದು ಪಡೆದು ಪೆನ್ಸಿಲ್ವೇನಿಯ ರೈಲ್‌ರೋಡ್ ಹುಟ್ಟಿಕೊಂಡಿತು. ಮುಖ್ಯ ಎಂಜಿನಿಯರ್ ಜೆ. ಎಡ್ಗರ್ ಥಾಮ್ಸನ್, ಮಾತು ಕಡಿಮೆ ಲೆಕ್ಕ ಜಾಸ್ತಿಯ ಮನುಷ್ಯ. ಹಗ್ಗ, ಇಳಿಜಾರು ಯಾವುದೂ ಇಲ್ಲದೆ ಎಂಜಿನ್ನೇ ಗಾಡಿಯನ್ನು ಎಳೆದುಕೊಂಡು ಬೆಟ್ಟ ಹತ್ತಬೇಕೆಂಬುದು ಆತನ ಹಟ. ಉಕ್ಕಿನ ಗಾಲಿ ನುಣುಪು ಹಳಿಯ ಮೇಲೆ ಕಡಿದಾದ ಏರು ಹತ್ತಲಾರದು. ನೂರು ಅಡಿ ಸಾಗುವಷ್ಟರಲ್ಲಿ ಎರಡಡಿ ಏರಿದರೆ ಅದೇ ಹೆಚ್ಚು. ಹಾಗಾಗಿ ಏರನ್ನು ತಗ್ಗಿಸಲು ದಾರಿಯನ್ನು ಉದ್ದ ಮಾಡಬೇಕು. ಆಲ್ಟೂನಾ ಊರಿನ ಪಶ್ಚಿಮಕ್ಕಿರುವ ಕಣಿವೆಯಲ್ಲಿ ಥಾಮ್ಸನ್ ಹಳಿಯನ್ನು ಕುದುರೆ ಲಾಳದ ಆಕಾರಕ್ಕೆ ಬಳಸಿದ. ಕಣಿವೆಯ ಒಂದು ಪಕ್ಕದಲ್ಲಿ ಹೋಗಿ, ತಿರುಗಿ, ಇನ್ನೊಂದು ಪಕ್ಕದಲ್ಲಿ ಎತ್ತರಕ್ಕೆ ವಾಪಸು ಬರುವ ಈ 'ಹಾರ್ಸ್‌ಶೂ ಕರ್ವ್' 1854ರ ಫೆಬ್ರವರಿ 15ರಂದು ತೆರೆಯಿತು. ಉದ್ದ ಸುಮಾರು 2,375 ಅಡಿ. ನಾಲ್ಕು ದಿನದ ದಾರಿ ಒಂದು ದಿನದೊಳಕ್ಕೆ ಬಂತು. 1857ರಲ್ಲಿ ಸರ್ಕಾರದ ಆ ಹಳೆಯ ಕಾಲುವೆ-ರೈಲು ವ್ಯವಸ್ಥೆಯನ್ನೆಲ್ಲ ಕಂಪನಿ 75 ಲಕ್ಷ ಡಾಲರಿಗೆ ಕೊಂಡುಕೊಂಡಿತು.

ಬೆಟ್ಟ ಅಗೆದವರು ಬಹುಪಾಲು ಐರ್ಲೆಂಡಿನಿಂದ ಬಂದ ವಲಸೆಗಾರರು. ಗುದ್ದಲಿ, ಹಾರೆ, ಕುದುರೆ - ಅವರ ಯಂತ್ರಗಳು ಇಷ್ಟೇ.

ಕಡತದಲ್ಲಿ ಮುಚ್ಚಿಟ್ಟ 57 ಮಂದಿ

ಕಂಪನಿ ಸರ್ಕಾರದಿಂದ ಕೊಂಡ ಆಸ್ತಿಯ ಜೊತೆಯಲ್ಲಿ ಒಂದು ಗುಟ್ಟೂ ಬಂತು. ಫಿಲಡೆಲ್ಫಿಯದ ಪಶ್ಚಿಮಕ್ಕೆ, ಮಾಲ್ವರ್ನ್ ಎಂಬ ಊರಿನ ಹತ್ತಿರ, ಫಿಲಡೆಲ್ಫಿಯ-ಕೊಲಂಬಿಯ ರೈಲು ದಾರಿಯ 59ನೇ ಮೈಲಿಯಲ್ಲಿ 1832ರ ಬೇಸಗೆಯಲ್ಲಿ 57 ಐರಿಶ್ ಕೂಲಿಗಳು ಸತ್ತರು. ಹಡಗಿನಿಂದಿಳಿದು ಎರಡು ತಿಂಗಳೂ ಸರಿಯಾಗಿ ಆಗಿರಲಿಲ್ಲ. ಗುತ್ತಿಗೆದಾರನ ಹೆಸರು ಡಫಿ, ಆ ಜಾಗಕ್ಕೆ ಇಂದಿಗೂ 'ಡಫೀಸ್ ಕಟ್' ಎಂದೇ ಹೆಸರು. ಅವರನ್ನು ಕೊಂದದ್ದು ಕಾಲರಾ ಎಂದಾಯಿತು. ಹೆಣಗಳನ್ನು ಹಳಿಯ ಪಕ್ಕದ ಮಣ್ಣಿನಲ್ಲೇ ಹೂತರು. ಊರಿನಲ್ಲಿದ್ದ ಮನೆಯವರಿಗೆ ಸುದ್ದಿ ಹೋಗಲಿಲ್ಲ.

1909ರಲ್ಲಿ ಕಂಪನಿಯ ಅಧಿಕಾರಿ ಮಾರ್ಟಿನ್ ಕ್ಲೆಮೆಂಟ್ ಈ ವಿಷಯದ ಕಾಗದಪತ್ರಗಳನ್ನೆಲ್ಲ ಕಲೆಹಾಕಿದ. ಆ ಜಾಗಕ್ಕೊಂದು ಕಲ್ಲಿನ ಆವರಣವನ್ನೂ ಕಟ್ಟಿಸಿದ. ಕಡತ ಮಾತ್ರ ಹೊರಗೆ ಬರಲಿಲ್ಲ. ಮುಂದೆ ಕ್ಲೆಮೆಂಟ್ ಕಂಪನಿಯ ಅಧ್ಯಕ್ಷನೇ ಆದ. ಕಂಪನಿ ಮುಳುಗಿದ ಕಾಲದಲ್ಲಿ ಆ ಕಡತ ಆತನ ಕಾರ್ಯದರ್ಶಿಯ ಮನೆ ಸೇರಿತು. ಆ ಕಾರ್ಯದರ್ಶಿಯ ಇಬ್ಬರು ಮೊಮ್ಮಕ್ಕಳು 2002ರಲ್ಲಿ ಅದನ್ನು ಬಿಚ್ಚಿ ಓದಿ ಬೆರಗಾದರು. ಇಬ್ಬರಲ್ಲಿ ಒಬ್ಬರು ಇತಿಹಾಸದ ಮೇಷ್ಟ್ರು. ಅವರು ತಂಡ ಕಟ್ಟಿ ಅಗೆಯತೊಡಗಿದರು. 2009ರಲ್ಲಿ ಮೊದಲ ಎಲುಬುಗಳು ಸಿಕ್ಕವು. ಕೆಲವು ತಲೆಬುರುಡೆಗಳ ಮೇಲೆ ಏಟಿನ ಗುರುತುಗಳಿದ್ದವು. ಅಂದರೆ ಎಲ್ಲರೂ ಕಾಲರಾದಿಂದಲೇ ಸತ್ತವರಲ್ಲ, ರೋಗಕ್ಕೆ ಹೆದರಿದ ಸುತ್ತಲಿನವರು ಕೆಲವರನ್ನು ಕೊಂದಿರಬೇಕು ಎಂಬ ಅನುಮಾನಕ್ಕೆ ದಾರಿಯಾಯಿತು. 2012ರಲ್ಲಿ ಐದು ಮಂದಿಯ ಅವಶೇಷಗಳಿಗೆ ಫಿಲಡೆಲ್ಫಿಯದ ಹತ್ತಿರದ ಸ್ಮಶಾನದಲ್ಲಿ ವಿಧಿವತ್ತಾಗಿ ಮಣ್ಣು ಕೊಟ್ಟರು. 180 ವರ್ಷಗಳ ನಂತರ.

ನಾವೂ ವಲಸೆ ಬಂದವರೇ. ವಿಮಾನದಲ್ಲಿ ಬಂದೆವು, ಕೈಯಲ್ಲಿ ಡಿಗ್ರಿ, ಜೇಬಿನಲ್ಲಿ ವೀಸಾ. ಅವರೊಂದಿಗೆ ನಮ್ಮನ್ನು ಹೋಲಿಸಿಕೊಳ್ಳುವುದು ಸರಿಯಾಗಲಾರದು. ಆದರೂ ಆ ಸುದ್ದಿ ಓದಿದಾಗ, ಹೋದ ಮಗನ ಕಾಗದಕ್ಕಾಗಿ ಕಾಯುತ್ತ ಕಣ್ಣು ಮುಚ್ಚಿದ ಐರ್ಲೆಂಡಿನ ತಾಯಂದಿರು ನಮಗೆ ಅಷ್ಟೇನೂ ದೂರದವರೆನಿಸಲಿಲ್ಲ.

ಬೆಳೆದ ಕಂಪನಿ, ಸಿಡಿದ ಸಿಟ್ಟು

ಥಾಮ್ಸನ್ 1852ರಿಂದ 1874ರವರೆಗೆ ಅಧ್ಯಕ್ಷನಾಗಿದ್ದು ಕಂಪನಿಯನ್ನು ಷಿಕಾಗೊವರೆಗೂ ಚಾಚಿದ. ಆತನ ಕೈಕೆಳಗಿದ್ದ ಥಾಮಸ್ ಸ್ಕಾಟ್ ಎಂಬ ಅಧಿಕಾರಿ ತಂತಿ ಕಚೇರಿಯ ಒಬ್ಬ ಚುರುಕು ಹುಡುಗನನ್ನು ಸಹಾಯಕನಾಗಿ ಸೇರಿಸಿಕೊಂಡ. ಆ ಹುಡುಗ ಆಂಡ್ರ್ಯೂ ಕಾರ್ನೆಗಿ. ಮುಂದೆ ಉಕ್ಕಿನ ಸಾಮ್ರಾಟನಾದಾಗ ಕಾರ್ನೆಗಿ ತನ್ನ ದೊಡ್ಡ ಕಾರ್ಖಾನೆಗೆ ಇಟ್ಟ ಹೆಸರು 'ಎಡ್ಗರ್ ಥಾಮ್ಸನ್ ಸ್ಟೀಲ್ ವರ್ಕ್ಸ್'. ಉಕ್ಕಿನ ಹಳಿ ಕೊಳ್ಳುವ ಅತಿ ದೊಡ್ಡ ಗಿರಾಕಿಯ ಹೆಸರನ್ನೇ ಕಾರ್ಖಾನೆಗೆ ಇಟ್ಟ ಜಾಣತನ ನೋಡಿ!

ಕಂಪನಿ ಬೆಳೆದಷ್ಟೂ ಲಾಭಾಂಶ ತಪ್ಪಲಿಲ್ಲ. ಕೂಲಿ ಮಾತ್ರ ಇಳಿಯಿತು. 1877ರ ಜೂನ್‌ನಲ್ಲಿ ಕಂಪನಿ ಸಂಬಳವನ್ನು ನೂರಕ್ಕೆ ಹತ್ತರಷ್ಟು ಕಡಿತ ಮಾಡಿತು. ಜೊತೆಗೆ, ಎರಡು ಎಂಜಿನ್ ಜೋಡಿಸಿ ರೈಲಿನ ಉದ್ದ ಹೆಚ್ಚಿಸಿ ಆಳುಗಳನ್ನು ಮಾತ್ರ ಹೆಚ್ಚಿಸದೆ ಓಡಿಸಲು ಹೊರಟಿತು. ಜುಲೈ 19ರಂದು ಪಿಟ್ಸ್‌ಬರ್ಗ್‌ನಲ್ಲಿ ಕೆಲಸಗಾರರು ಗಾಡಿ ನಿಲ್ಲಿಸಿದರು. ಊರಿನ ಸಿಪಾಯಿಗಳು ತಮ್ಮವರ ಮೇಲೇ ಗುಂಡು ಹಾರಿಸಲಾರರೆಂದು ಫಿಲಡೆಲ್ಫಿಯದಿಂದ ಪಡೆ ಕರೆಸಿದರು. 21ರಂದು ನಡೆದ ಗೋಲಿಬಾರಿನಲ್ಲಿ ಸುಮಾರು 20 ಮಂದಿ ಸತ್ತರು. ಅಂದು ರಾತ್ರಿ ಊರೇ ಸಿಡಿದೆದ್ದಿತು. 39 ಕಟ್ಟಡ, 104 ಎಂಜಿನ್, 1,200ಕ್ಕೂ ಹೆಚ್ಚು ಸರಕು ಗಾಡಿಗಳು ಸುಟ್ಟುಹೋದವು. ಅಮೆರಿಕದ ಕಾರ್ಮಿಕ ಚರಿತ್ರೆಯಲ್ಲಿ ಇದು ಮರೆಯಲಾಗದ ಅಧ್ಯಾಯ.

1916ರಲ್ಲಿ ಯುದ್ಧದಿಂದಾಗಿ ಯುರೋಪಿನ ವಲಸೆ ನಿಂತಾಗ ಕಂಪನಿ ದಕ್ಷಿಣದ ರಾಜ್ಯಗಳಿಂದ ಸಾವಿರಾರು ಕಪ್ಪು ಕೆಲಸಗಾರರಿಗೆ ಪುಕ್ಕಟೆ ಪಾಸ್ ಕೊಟ್ಟು ಕರೆತಂದಿತು. ಅವರಿಗೆ ಸಿಕ್ಕಿದ್ದು ಹಳಿಯ ಮೇಲಿನ ಮೈಮುರಿ ಕೆಲಸ. ಎಂಜಿನ್ ಓಡಿಸುವ ಸ್ಥಾನ ಬಹುಕಾಲ ಸಿಗಲಿಲ್ಲ.

ಕೆ4 ಎಂಬ ಕುದುರೆ

ಇನ್ನು ಎಂಜಿನ್‌ಗಳ ಮಾತು. ಅಂದ ಹಾಗೆ, ಅಮೆರಿಕದಲ್ಲಿ ರೈಲು ಓಡಿಸುವವನನ್ನು ಡ್ರೈವರ್ ಎನ್ನುವುದಿಲ್ಲ, ಎಂಜಿನಿಯರ್ ಎನ್ನುತ್ತಾರೆ. ಕೀಬೋರ್ಡ್ ಕುಟ್ಟಿಯೇ ಎಂಜಿನಿಯರ್ ಅನ್ನಿಸಿಕೊಂಡ ನಮ್ಮ ಕೂಟದವರು ಇದನ್ನು ಗಮನಿಸಬೇಕು!

ಬೇರೆ ರೈಲ್ವೆಗಳು ಎಂಜಿನ್ ಕೊಳ್ಳುತ್ತಿದ್ದ ಕಾಲದಲ್ಲಿ ಪೆನ್ಸಿಲ್ವೇನಿಯ ರೈಲ್‌ರೋಡ್ ತನ್ನ ಎಂಜಿನ್‌ಗಳ ವಿನ್ಯಾಸವನ್ನು ತಾನೇ ಮಾಡಿಕೊಳ್ಳುತ್ತಿತ್ತು. ಅದಕ್ಕೆಂದೇ ಕಟ್ಟಿದ ಊರು ಆಲ್ಟೂನಾ. ಅಲ್ಲಿನ ಕಾರ್ಖಾನೆಗಳಿಂದ ಹೊರಬಂದ ಎಂಜಿನ್‌ಗಳು 6,000ಕ್ಕೂ ಹೆಚ್ಚು. 1904ರ ಸೇಂಟ್ ಲೂಯಿಸ್ ಜಾಗತಿಕ ಪ್ರದರ್ಶನದಲ್ಲಿ ಕಂಪನಿ ಒಂದು ಪರೀಕ್ಷಾ ಯಂತ್ರವನ್ನು ಇಟ್ಟಿತ್ತು. ಇಡೀ ಎಂಜಿನ್ನನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಓಡಿಸಿ, ಎಷ್ಟು ಕಲ್ಲಿದ್ದಲಿಗೆ ಎಷ್ಟು ಶಕ್ತಿ ಎಂದು ಅಳೆಯುವ ಯಂತ್ರ. (ನಮ್ಮ ಜಿಮ್ಮಿನ ಟ್ರೆಡ್‌ಮಿಲ್ ನೆನಪಾಗುತ್ತದೆ.) ಪ್ರದರ್ಶನ ಮುಗಿದ ಮೇಲೆ ಅದು ಆಲ್ಟೂನಾಕ್ಕೆ ಬಂತು. ಅಂದಾಜಿನ ಬದಲು ಅಳತೆ - ಇದೇ ಕಂಪನಿಯ ಹೆಮ್ಮೆ.

ಈ ಪದ್ಧತಿಯ ಅತ್ಯುತ್ತಮ ಫಲ 1914ರಲ್ಲಿ ಬಂದ ಕೆ4. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ಈ ಜೋಡಣೆಗೆ 'ಪೆಸಿಫಿಕ್' ಎಂದು ಹೆಸರು. ದೊಡ್ಡ ಗಾಲಿಯ ಎತ್ತರ ಆರಡಿ ಎಂಟಂಗುಲ, ಅಂದರೆ ಪಕ್ಕದಲ್ಲಿ ನಿಂತ ಮನುಷ್ಯ ಅದಕ್ಕಿಂತ ಗಿಡ್ಡ. ಮೂತಿಯ ಮೇಲೆ ಕೆಂಪು ಫಲಕದಲ್ಲಿ ನಂಬರು. ಫಲಕದ ಆಕಾರ ಕಮಾನಿನ ನೆತ್ತಿಯಲ್ಲಿ ಕೂತು ಎರಡೂ ಕಡೆಯ ಕಲ್ಲುಗಳನ್ನು ಬಿಗಿಹಿಡಿಯುವ ನಡುಗಲ್ಲಿನದು, ಪೆನ್ಸಿಲ್ವೇನಿಯ ರಾಜ್ಯದ ಚಿಹ್ನೆ. ಇದೇ ನಮೂನೆಯ 425 ಎಂಜಿನ್‌ಗಳು 1928ರವರೆಗೆ ತಯಾರಾದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತಿತ್ತು. ಸರಕು ಎಳೆಯುವ ಎಲ್1 ಎಂಜಿನ್ನಿಗೂ ಇದೇ ಬಾಯ್ಲರ್. ನೀರಿಗಾಗಿ ನಿಲ್ಲಬೇಕಾಗಿಯೂ ಇರಲಿಲ್ಲ. ಹಳಿಗಳ ನಡುವೆ ಉದ್ದನೆಯ ತೊಟ್ಟಿಗಳಿದ್ದವು, ಓಡುತ್ತ ಓಡುತ್ತಲೇ ಸೌಟು ಇಳಿಸಿ ನೀರು ಮೊಗೆದುಕೊಳ್ಳುತ್ತಿತ್ತು. ಬೆಂಕಿಗೆ ಕಲ್ಲಿದ್ದಲು ಮಾತ್ರ ಎಷ್ಟೋ ವರ್ಷ ಫೈರ್‌ಮನ್ ಸಲಿಕೆಯಿಂದಲೇ ಹಾಕಬೇಕಿತ್ತು. ಓಡಾಡುವವರಿಗೆ ಅಂದ, ಅವನಿಗೆ ಸೊಂಟನೋವು.

ಹಸಿರು ಹಾವು, ಚಿನ್ನದ ಗೆರೆ

ನ್ಯೂಯಾರ್ಕ್ ಮುಟ್ಟಬೇಕಾದರೆ ಆ ಕಂಪನಿಯ ಪ್ರಯಾಣಿಕರು ಹಡ್ಸನ್ ದಂಡೆಯಲ್ಲಿ ಇಳಿದು ದೋಣಿ ಹತ್ತಬೇಕಿತ್ತು. 1899ರಲ್ಲಿ ಅಧ್ಯಕ್ಷನಾದ ಅಲೆಕ್ಸಾಂಡರ್ ಕ್ಯಾಸಟ್ (ಚಿತ್ರಕಲಾವಿದೆ ಮೇರಿ ಕ್ಯಾಸಟ್‌ಳ ಅಣ್ಣ) ನದಿಯ ಕೆಳಗೇ ಸುರಂಗ ತೋಡಿಸಲು ನಿಶ್ಚಯಿಸಿದ. ಅಷ್ಟುದ್ದದ ಸುರಂಗದಲ್ಲಿ ಉಗಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿ ಜನ ಉಸಿರುಕಟ್ಟಿ ಸಾಯುತ್ತಾರೆ. ಆದ್ದರಿಂದ ವಿದ್ಯುತ್ತು ಬೇಕು. 1910ರಲ್ಲಿ ಸುರಂಗಗಳೂ ಪೆನ್ ಸ್ಟೇಷನ್ನೂ ತೆರೆದವು. ರೋಮಿನ ಹಳೆಯ ಸ್ನಾನಗೃಹಗಳ ಮಾದರಿಯಲ್ಲಿ ಮೆಕಿಮ್, ಮೀಡ್ ಅಂಡ್ ವೈಟ್ ಸಂಸ್ಥೆ ಕಟ್ಟಿದ ಗುಲಾಬಿ ಗ್ರಾನೈಟಿನ ಅರಮನೆ ಅದು. ಕ್ಯಾಸಟ್ ಅದನ್ನು ನೋಡಲಿಲ್ಲ, 1906ರಲ್ಲೇ ತೀರಿಕೊಂಡಿದ್ದ.

1935ರ ಹೊತ್ತಿಗೆ ನ್ಯೂಯಾರ್ಕಿನಿಂದ ವಾಷಿಂಗ್ಟನ್‌ವರೆಗೂ ತಂತಿ ಎಳೆದಾಯಿತು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಫೆಡರಲ್ ಸರ್ಕಾರ ಸಾಲ ಕೊಟ್ಟು ಈ ಕೆಲಸ ಮುಗಿಸಲು ನೆರವಾಯಿತು. ಆಗ ಬಂದದ್ದು ಜಿಜಿ1. ಮೊದಲನೆಯದರ ಮೈತುಂಬ ರಿವೆಟ್ ಮೊಳೆಗಳು. ರೇಮಂಡ್ ಲೋವಿ ಎಂಬ ವಿನ್ಯಾಸಕಾರ (ಕಂಪನಿ ಆತನಿಗೆ ಮೊದಲು ಕೊಟ್ಟ ಕೆಲಸ ಪೆನ್ ಸ್ಟೇಷನ್ನಿನ ಕಸದ ಡಬ್ಬಿಯ ವಿನ್ಯಾಸವೆಂದು ಆತನೇ ಹೇಳಿಕೊಂಡಿದ್ದಾನೆ!) ಮೊಳೆಗಳ ಬದಲು ಬೆಸುಗೆ ಹಾಕಿ ಮೈಯನ್ನು ನುಣುಪು ಮಾಡಿಸಿದ, ಕಡು ಹಸಿರಿನ ಮೇಲೆ ಚಿನ್ನದ ಬಣ್ಣದ ಐದು ಗೆರೆ ಎಳೆಸಿದ. 1934ರಿಂದ 1943ರವರೆಗೆ 139 ಜಿಜಿ1ಗಳು ತಯಾರಾದವು. ಅವು ಎಂಥ ಗಟ್ಟಿಮುಟ್ಟು ಎಂದರೆ, 1953ರ ಜನವರಿ 15ರಂದು 4876 ನಂಬರಿನ ಎಂಜಿನ್ ಬ್ರೇಕು ಹಿಡಿಯದೆ ವಾಷಿಂಗ್ಟನ್ನಿನ ಯೂನಿಯನ್ ಸ್ಟೇಷನ್ನಿಗೆ ನುಗ್ಗಿ, ನೆಲ ಕುಸಿದು ಕೆಳಗಿನ ಕೋಣೆಗೆ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಐದು ದಿನದಲ್ಲಿ ಐಸೆನ್‌ಹೋವರ್ ಪ್ರಮಾಣವಚನ, ಜನ ಸಾಗರ ಬರಲಿತ್ತು. ಗುಂಡಿಯ ಮೇಲೆ ತಾತ್ಕಾಲಿಕ ನೆಲ ಹಾಸಿ ಗಾಡಿಗಳನ್ನು ಬಿಟ್ಟರು. ಆಮೇಲೆ ಎಂಜಿನ್ನನ್ನು ತುಂಡು ಮಾಡಿ ಆಲ್ಟೂನಾಕ್ಕೆ ಒಯ್ದು ಮತ್ತೆ ಜೋಡಿಸಿದರು. ಅದು ಇನ್ನೂ 30 ವರ್ಷ ಓಡಿತು! ಕೊನೆಯ ಜಿಜಿ1ಗಳು ನಿವೃತ್ತಿಯಾದದ್ದು 1983ರ ಅಕ್ಟೋಬರ್ 29ರಂದು.

ಕಲ್ಲಿದ್ದಲಿನ ಋಣ

ಇಷ್ಟು ಮುಂದೆ ನೋಡಿದ ಕಂಪನಿ ಒಂದು ಕಡೆ ಎಡವಿತು. ಅದರ ಹೊಟ್ಟೆ ತುಂಬಿಸುತ್ತಿದ್ದದ್ದು ಕಲ್ಲಿದ್ದಲು ಸಾಗಣೆ. ಗಣಿ ಮಾಲೀಕರೇ ದೊಡ್ಡ ಗಿರಾಕಿಗಳು. ಬೇರೆ ರೈಲ್ವೆಗಳು ಡೀಸೆಲ್ಲಿಗೆ ತಿರುಗುತ್ತಿದ್ದಾಗ ಅನ್ನ ಕೊಟ್ಟ ಕಲ್ಲಿದ್ದಲಿಗೆ ಎರಡು ಬಗೆಯಲಾರದೆ ಇದು ಉಗಿಯನ್ನೇ ನೆಚ್ಚಿತು. 1939ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ 140 ಅಡಿ ಉದ್ದದ ಎಸ್1 ಎಂಜಿನ್ನನ್ನು ಪ್ರದರ್ಶಿಸಿತು. ನೋಡಲು ದೇವಲೋಕದ ರಥ. ಆದರೆ ಅಷ್ಟುದ್ದದ ಎಂಜಿನ್ ಕಂಪನಿಯದೇ ಎಷ್ಟೋ ತಿರುವುಗಳಲ್ಲಿ ತಿರುಗಲಾರದು. ಹಾರ್ಸ್‌ಶೂ ಕರ್ವ್ ಕಟ್ಟಿದ ಕಂಪನಿ ಇದು ಎಂಬುದನ್ನು ನೆನೆಯಿರಿ. 1949ರಲ್ಲಿ ಅದು ಗುಜರಿಗೆ ಹೋಯಿತು.

ಬಳಿಕ ಟಿ1. ಹಡಗಿನ ಮೂತಿಯಂಥ ಮೂತಿ, ಎರಡು ಗುಂಪು ದೊಡ್ಡ ಗಾಲಿಗಳು, ಪ್ರತಿ ಗುಂಪಿಗೂ ಬೇರೆ ಸಿಲಿಂಡರು. 1942ರಲ್ಲಿ ಎರಡು, 1945-46ರಲ್ಲಿ 50. ಓಟದಲ್ಲಿ ಅಸಾಧ್ಯ ವೇಗ, ಹೊರಡುವಾಗ ಮಾತ್ರ ಗಾಲಿ ಜಾರುವ ಚಟ. ಕವಾಟಗಳ ರಿಪೇರಿಯೂ ರಗಳೆ. ಕೊನೆಯ ಟಿ1 ತಯಾರಾಗುವ ಹೊತ್ತಿಗೆ ಕಂಪನಿಯೇ ಡೀಸೆಲ್ ಎಂಜಿನ್ ಕೊಳ್ಳತೊಡಗಿತ್ತು. ಹತ್ತು ವರ್ಷದೊಳಗೆ ಅಷ್ಟೂ ಗುಜರಿ ಪಾಲು. ಒಂದೂ ಉಳಿಯಲಿಲ್ಲ. 2014ರಲ್ಲಿ ಒಂದಿಷ್ಟು ಅಭಿಮಾನಿಗಳು ದೇಣಿಗೆ ಕೂಡಿಸಿ ಹೊಚ್ಚ ಹೊಸ ಟಿ1 ಒಂದನ್ನು ಕಟ್ಟಲು ಹೊರಟರು. ಹುಚ್ಚು ಎನ್ನಿ, ಪ್ರೀತಿ ಎನ್ನಿ.

ಇಲ್ಲೊಂದು ನಮ್ಮ ನಂಟು ಇದೆ. ಟಿ1ಗಳಲ್ಲಿ ಅರ್ಧದಷ್ಟನ್ನು ಕಟ್ಟಿದ್ದು ಫಿಲಡೆಲ್ಫಿಯದ ಬಾಲ್ಡ್‌ವಿನ್ ಕಾರ್ಖಾನೆ. ಕೆ4ಗಳಲ್ಲೂ 75 ಅದರವೇ. ಅದೇ ಬಾಲ್ಡ್‌ವಿನ್ 1947ರಲ್ಲಿ ಭಾರತಕ್ಕೆ 16 ಎಂಜಿನ್ ಕಳಿಸಿತು. ಅವೇ ಡಬ್ಲ್ಯುಪಿ ಜಾತಿಯ ಮೊದಲ ಎಂಜಿನ್‌ಗಳು. ಗುಂಡು ಮೂತಿ, ಮುಂದೆ ನಾಲ್ಕು, ನಡುವೆ ಆರು, ಹಿಂದೆ ಎರಡು ಗಾಲಿ, ಕೆ4ನ ಅದೇ ಜೋಡಣೆ. ಅದೇ ಮಾದರಿಯಲ್ಲಿ ಮುಂದೆ 700ಕ್ಕೂ ಹೆಚ್ಚು ಎಂಜಿನ್‌ಗಳು ತಯಾರಾಗಿ ಭಾರತದ ಬ್ರಾಡ್‌ಗೇಜ್ ಎಕ್ಸ್‌ಪ್ರೆಸ್ ಗಾಡಿಗಳನ್ನು ದಶಕಗಟ್ಟಲೆ ಎಳೆದವು. ಬಾಲ್ಯದಲ್ಲಿ ಕಣ್ಣಿಗೆ ಬಿದ್ದ ಕಿಡಿಗೆ ಅಮ್ಮ ಸೆರಗಿನ ತುದಿಯಿಂದ ಊದಿದ ನೆನಪು ನಿಮಗಿದ್ದರೆ, ಆ ಕಿಡಿಗೂ ಫಿಲಡೆಲ್ಫಿಯಕ್ಕೂ ಸಂಬಂಧ ಇದ್ದಿರಬಹುದು.

ಕುಸಿತ

ಎರಡನೆಯ ಮಹಾಯುದ್ಧದಲ್ಲಿ ಕಂಪನಿ ಮೈಮುರಿದು ದುಡಿಯಿತು. 1942ರಲ್ಲಿ ಜರ್ಮನಿ ಕಳಿಸಿದ ಎಂಟು ವಿಧ್ವಂಸಕರ ಪಟ್ಟಿಯಲ್ಲಿ ಹಾರ್ಸ್‌ಶೂ ಕರ್ವ್ ಕೂಡ ಇತ್ತೆಂದರೆ ಆ ತಿರುವಿನ ಬೆಲೆ ತಿಳಿಯುತ್ತದೆ. ಅವರು ಸಿಕ್ಕಿಬಿದ್ದರು, ತಿರುವು ಉಳಿಯಿತು. 1945ರಲ್ಲಿ ನ್ಯೂಯಾರ್ಕಿನ ಪೆನ್ ಸ್ಟೇಷನ್ನನ್ನು ಬಳಸಿದವರು 10 ಕೋಟಿಗೂ ಹೆಚ್ಚು. ಮರುವರ್ಷವೇ, 1946ರಲ್ಲಿ, ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಕಂಪನಿ ನಷ್ಟ ಕಂಡಿತು.

ಅಲ್ಲಿಂದ ಇಳಿಜಾರು. 1956ರ ಕಾಯಿದೆಯಿಂದ ಅಂತರರಾಜ್ಯ ಹೆದ್ದಾರಿಗಳು ಬಂದವು. ಸರಕು ಲಾರಿಗೆ, ಜನ ಕಾರಿಗೆ ಮತ್ತು ವಿಮಾನಕ್ಕೆ ಹೋದರು. ಹೆದ್ದಾರಿ ಸರ್ಕಾರದ್ದು, ಹಳಿ ಮಾತ್ರ ಕಂಪನಿಯದು. ಅದಕ್ಕೆ ತೆರಿಗೆ ಬೇರೆ. ದರ ಏರಿಸಬೇಕಾದರೂ ನಷ್ಟದ ಗಾಡಿ ನಿಲ್ಲಿಸಬೇಕಾದರೂ ಸರ್ಕಾರಿ ಅನುಮತಿ ಬೇಕು. ಹಣಕ್ಕಾಗಿ ಕಂಪನಿ ತನ್ನ ಅರಮನೆಯ ಮೇಲಿನ ಆಕಾಶವನ್ನೇ ಮಾರಿತು. 1963ರ ಅಕ್ಟೋಬರ್ 28ರಂದು ಪೆನ್ ಸ್ಟೇಷನ್ ಒಡೆಯಲು ಶುರು. ಮೇಲೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಂತು, ನಿಲ್ದಾಣ ನೆಲಮಾಳಿಗೆ ಸೇರಿತು. ಕಂಬಗಳು, ವಿಗ್ರಹಗಳ ಬಹುಭಾಗವನ್ನು ನ್ಯೂಜೆರ್ಸಿಯ ಸೆಕಾಕಸ್ ಜೌಗಿನಲ್ಲಿ ಸುರಿದರು. ನಮ್ಮ ಬೆಳಗಿನ ರೈಲು ಹಾದುಹೋಗುವುದು ಆ ಜೌಗಿನ ನಡುವೆಯೇ.

1968ರ ಫೆಬ್ರವರಿ 1ರಂದು ಕಂಪನಿ ತನ್ನ ಹುಟ್ಟುವೈರಿ ನ್ಯೂಯಾರ್ಕ್ ಸೆಂಟ್ರಲ್‌ನೊಂದಿಗೆ ಸೇರಿ ಪೆನ್ ಸೆಂಟ್ರಲ್ ಆಯಿತು. ಮುಳುಗುತ್ತಿದ್ದ ಇಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡರೆ ಈಜು ಬಂದೀತೆ? ಇವರ ಕಂಪ್ಯೂಟರು ಅವರ ಕಂಪ್ಯೂಟರಿಗೆ ಹೊಂದಲಿಲ್ಲ, ಗಾಡಿಗಳು ಎಲ್ಲೆಲ್ಲೋ ಕಳೆದುಹೋದವು. ಎರಡೂವರೆ ವರ್ಷ ತುಂಬುವ ಮೊದಲೇ, 1970ರ ಜೂನ್ 21ರಂದು ದಿವಾಳಿ. ಅಲ್ಲಿಯವರೆಗಿನ ಅಮೆರಿಕದ ಅತಿ ದೊಡ್ಡ ದಿವಾಳಿ. ಪ್ರಯಾಣಿಕರ ಗಾಡಿಗಳನ್ನು 1971ರಲ್ಲಿ ಆಮ್‌ಟ್ರಾಕ್, ಸರಕನ್ನು 1976ರಲ್ಲಿ ಕಾನ್‌ರೇಲ್ ವಹಿಸಿಕೊಂಡವು. 1999ರಲ್ಲಿ ಕಾನ್‌ರೇಲ್ ಕೂಡ ಹಂಚಿಹೋಯಿತು.

ಉಳಿದದ್ದೇನು?

ಪೆನ್ ಸ್ಟೇಷನ್ ಒಡೆದ ನೋವಿನಿಂದ 1965ರಲ್ಲಿ ನ್ಯೂಯಾರ್ಕ್ ನಗರ ಹಳೆಯ ಕಟ್ಟಡಗಳ ರಕ್ಷಣೆಗೆ ಕಾಯಿದೆ ತಂದಿತು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗೋಪುರ ಕಟ್ಟಹೊರಟು ಆ ಕಾಯಿದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಯಾರೆಂದುಕೊಂಡಿರಿ? ಅದೇ ಪೆನ್ ಸೆಂಟ್ರಲ್. 1978ರಲ್ಲಿ ಸೋತರು. ಹಾಗಾಗಿ ಗ್ರ್ಯಾಂಡ್ ಸೆಂಟ್ರಲ್ ಉಳಿಯಿತು. ಅಣ್ಣ ಸತ್ತು ತಮ್ಮನನ್ನು ಬದುಕಿಸಿದಂತೆ.

ಕೆ4ಗಳಲ್ಲಿ ಎರಡು ಉಳಿದಿವೆ. 3750 ಸ್ಟ್ರಾಸ್‌ಬರ್ಗ್‌ನ ಪೆನ್ಸಿಲ್ವೇನಿಯ ರೈಲ್‌ರೋಡ್ ಮ್ಯೂಸಿಯಂನಲ್ಲಿದೆ. 1361 ಸುಮಾರು ಇಪ್ಪತ್ತೆಂಟು ವರ್ಷ ಹಾರ್ಸ್‌ಶೂ ಕರ್ವ್‌ನ ನಡುವೆ ಬಿಸಿಲುಮಳೆಯಲ್ಲಿ ನಿಂತಿದ್ದು 1987ರಲ್ಲಿ ಸ್ವಲ್ಪ ಕಾಲ ಮತ್ತೆ ಓಡಿತು. ಅದೇ ವರ್ಷ ಪೆನ್ಸಿಲ್ವೇನಿಯ ಸರ್ಕಾರ ಇವೆರಡನ್ನೂ ರಾಜ್ಯದ ಅಧಿಕೃತ ಉಗಿ ಎಂಜಿನ್ ಎಂದು ಘೋಷಿಸಿತು. ಆ ತಿರುವಿನಲ್ಲಿ ಸರಕು ರೈಲುಗಳು ಇಂದಿಗೂ ಬೆಟ್ಟ ಹತ್ತುತ್ತವೆ. ಕ್ಯಾಸಟ್ ತೋಡಿಸಿದ ಸುರಂಗಗಳಿಗೆ 2012ರ ಸ್ಯಾಂಡಿ ಬಿರುಗಾಳಿಯಲ್ಲಿ ಉಪ್ಪುನೀರು ನುಗ್ಗಿ ಪೆಟ್ಟಾಯಿತು. ಪಕ್ಕದಲ್ಲಿ ಹೊಸ ಸುರಂಗಗಳ ಕೆಲಸ ಶುರುವಾಗಿದೆ.

ಮುಂದಿನ ಸಲ ಫಿಲಡೆಲ್ಫಿಯದಿಂದ ಲ್ಯಾಂಕಾಸ್ಟರ್ ಕಡೆ ರೈಲಿನಲ್ಲಿ ಹೋದರೆ, ಮಾಲ್ವರ್ನ್ ಬರುವಾಗ ಒಂದು ಕ್ಷಣ ಫೋನಿನಿಂದ ತಲೆಯೆತ್ತಿ ನೋಡಿ. ಅಲ್ಲಿ ಗಿಡಮರ ಬಿಟ್ಟರೆ ಕಾಣುವಂಥದ್ದೇನೂ ಇಲ್ಲ. ಆ 57 ಮಂದಿಯಲ್ಲಿ ಬಹುಪಾಲು ಇನ್ನೂ ಮಣ್ಣಿನಲ್ಲೇ ಇದ್ದಾರೆ, ನಮ್ಮ ಗಾಡಿ ಅವರ ಪಕ್ಕದಲ್ಲೇ ಹಾದುಹೋಗುತ್ತದೆ.